ಅಮೆಚೂರ್ ಪದಕ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಎಷ್ಟು ದೂರ ನಡೆಸುತ್ತದೆ?

2024ರ ನವೆಂಬರ್‌ನಲ್ಲಿ ಮನ್‌ದೀಪ್ ಜಾಂಗ್ರಾ ಕೇಮನ್ ದ್ವೀಪದಲ್ಲಿ ಡಬ್ಲ್ಯುಬಿಎಫ್ ಎಂಬ ವೃತ್ತಿಪರ ಬಾಕ್ಸಿಂಗ್ ಸಂಸ್ಥೆಯ ಪಟ್ಟ ಗೆದ್ದರು. ಭಾರತಕ್ಕೆ ಬಾಕ್ಸಿಂಗ್ ವಿಶ್ವ ಕಿರೀಟ ಬಂತೆಂದು ಸುದ್ದಿಯಾಯಿತು. ಎರಡು ತಿಂಗಳ ನಂತರ, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸೋತಿದ್ದ ನಿಶಾಂತ್ ದೇವ್ ಅಮೆಚೂರ್ (ಒಲಿಂಪಿಕ್ಸ್ ಮಾದರಿಯ) ಬಾಕ್ಸಿಂಗ್ ಬಿಟ್ಟು ಲಾಸ್ ವೇಗಸ್‌ನಲ್ಲಿ ವೃತ್ತಿಪರರಾಗಿ ಕಣಕ್ಕಿಳಿದರು, ಮೊದಲ ಸುತ್ತಿನಲ್ಲೇ ಗೆದ್ದರು. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಜೈಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ ಅಮೆಚೂರ್ ವಿಶ್ವ ಕೂಟದ ಚಿನ್ನ ಗೆದ್ದರು. ಅವರನ್ನೂ ವಿಶ್ವ ಚಾಂಪಿಯನ್ನರೆಂದೇ ಕರೆದೆವು.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕ್ರೀಡಾಪುಟ ಓದುವವರಿಗೆ ಗೊಂದಲವಾಗುವುದು ಸಹಜ. ಒಲಿಂಪಿಕ್ಸ್‌ನಲ್ಲಿ ಪದಕ ಸಿಗದವರು ಅಮೆರಿಕದಲ್ಲಿ ಒಂದೇ ಸುತ್ತಿನಲ್ಲಿ ಎದುರಾಳಿಯನ್ನು ಮುಗಿಸುತ್ತಾರೆ. ಪದಕ ಗೆದ್ದ ವಿಜೇಂದರ್ ಸಿಂಗ್ ಮಾತ್ರ ದೊಡ್ಡ ವಿಶ್ವ ಪಟ್ಟದವರೆಗೆ ಹೋಗಲೇ ಇಲ್ಲ. ಹಾಗಿದ್ದರೆ ಅಮೆಚೂರ್ ಸಾಧನೆ ನೋಡಿ ವೃತ್ತಿಪರ ಭವಿಷ್ಯ ಹೇಳಬಹುದೇ?

ಸ್ವಲ್ಪ ಮಟ್ಟಿಗೆ ಹೇಳಬಹುದು. ಪದಕ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ, ಅವಕಾಶ ಹೆಚ್ಚು ಸಿಗುತ್ತದೆ. ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆ ಪದಕವನ್ನು ಹೇಗೆ ಗೆದ್ದರು ಎಂದು ನೋಡಬೇಕು.

ಒಂದೇ ಹೆಸರಿನ ಹಲವು ಪಟ್ಟಗಳು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಲಿವರ್‌ಪೂಲ್‌ನದು ‘ವರ್ಲ್ಡ್ ಬಾಕ್ಸಿಂಗ್’ ಸಂಸ್ಥೆಯ ಕೂಟ. ಅಲ್ಲಿ ಪ್ರತಿ ತೂಕಕ್ಕೆ ಒಬ್ಬರೇ ಚಾಂಪಿಯನ್. ಡ್ರಾದಲ್ಲಿ ಯಾರು ಎದುರಾದರೂ ಸೋಲಿಸಿಯೇ ಮುಂದೆ ಹೋಗಬೇಕು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪಟ್ಟ ಕೊಡುವ ಸಂಸ್ಥೆಗಳೇ ಹಲವು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕನ್ನು ಮಾತ್ರ ಪ್ರಮುಖವೆಂದು ಬಾಕ್ಸಿಂಗ್ ಲೋಕ ಒಪ್ಪುತ್ತದೆ. ಪುರುಷರಲ್ಲಿ ತೂಕ ವಿಭಾಗಗಳು 17. ಅಂದರೆ ಒಂದೇ ಹೊತ್ತಿಗೆ 68 ಪ್ರಮುಖ ಪಟ್ಟಗಳಿರಲು ಸಾಧ್ಯ. ಡಬ್ಲ್ಯುಬಿಎಫ್ ಈ ನಾಲ್ಕರಲ್ಲಿ ಸೇರಿಲ್ಲ. ಜಾಂಗ್ರಾ ಅವರ ಗೆಲುವು ಸಣ್ಣದೆಂದು ಹೇಳುತ್ತಿಲ್ಲ, ಆದರೆ ಅದನ್ನು ಲಿವರ್‌ಪೂಲ್ ಚಿನ್ನದ ಪಕ್ಕದಲ್ಲಿಟ್ಟು ಅಳೆಯಲು ಬರುವುದಿಲ್ಲ.

ಒಂಬತ್ತು ನಿಮಿಷದ ಆಟ, ಮೂವತ್ತಾರು ನಿಮಿಷದ ಆಟ

ಅಮೆಚೂರ್ ಪಂದ್ಯ ಮೂರು ನಿಮಿಷಗಳ ಮೂರು ಸುತ್ತು. ವೃತ್ತಿಪರ ಪುರುಷರ ವಿಶ್ವ ಪಟ್ಟದ ಪಂದ್ಯ ಮೂರು ನಿಮಿಷಗಳ ಹನ್ನೆರಡು ಸುತ್ತು. ನಡುವಿನ ಒಂದೊಂದು ನಿಮಿಷದ ಬಿಡುವು ಸೇರಿಸಿದರೆ ಮೊದಲನೆಯದು 11 ನಿಮಿಷ, ಎರಡನೆಯದು 47 ನಿಮಿಷ. ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಊರ ಜಾತ್ರೆಯ ಮಣ್ಣಿನ ಕುಸ್ತಿಯನ್ನೂ ಶಾಲಾ ಕ್ರೀಡಾಕೂಟದ ಮ್ಯಾಟ್ ಕುಸ್ತಿಯನ್ನೂ ನೋಡಿದವರಿಗೆ ಇದು ಹೊಸದೇನಲ್ಲ. ಅಖಾಡದಲ್ಲಿ ಎದುರಾಳಿಯನ್ನು ಚಿತ್ ಮಾಡುವವರೆಗೆ ಕಾಯಬಹುದು, ದಣಿಸಬಹುದು. ಮ್ಯಾಟ್ ಮೇಲೆ ಮೂರು ನಿಮಿಷಗಳ ಎರಡು ಅವಧಿಯಲ್ಲಿ ಅಂಕ ಕೂಡಿಸಬೇಕು. ಎರಡೂ ಕುಸ್ತಿಯೇ, ಪಟ್ಟುಗಳೂ ಹೆಚ್ಚುಕಡಿಮೆ ಅವೇ. ಆದರೂ ಅಖಾಡದ ಪೈಲ್ವಾನ ಮ್ಯಾಟ್ ಮೇಲೆ ತಡಕಾಡುವುದುಂಟು.

ಬಾಕ್ಸಿಂಗ್‌ನಲ್ಲಿ ಈ ತಡಕಾಟ ಎಲ್ಲಿ ಕಾಣಿಸುತ್ತದೆ? ಅಮೆಚೂರ್ ಬಾಕ್ಸರ್ ತುದಿಗಾಲಲ್ಲಿ ಪುಟಿಯುತ್ತಾ ಒಳನುಗ್ಗಿ, ಎರಡು ಮೂರು ಪಂಚ್ ಹಾಕಿ, ಹಿಂದೆ ಸರಿಯುತ್ತಾನೆ. ಒಂಬತ್ತು ನಿಮಿಷಕ್ಕೆ ಇದು ಸರಿಯಾದ ಲೆಕ್ಕ. ಇದೇ ಓಟವನ್ನು ಎಂಟು ಸುತ್ತಿನ ಪಂದ್ಯದಲ್ಲಿ ಮುಂದುವರಿಸಿದರೆ ಐದನೇ ಸುತ್ತಿನ ಹೊತ್ತಿಗೆ ಮೀನಖಂಡ ಬಿಗಿಯುತ್ತದೆ, ಹಿಮ್ಮಡಿ ನೆಲಕ್ಕೆ ಕೂರುತ್ತದೆ. ಕಾಲು ಸರಿಯದಿದ್ದರೆ ಹೊಡೆತ ತಪ್ಪಿಸಿಕೊಳ್ಳುವ ಕೆಲಸ ಪೂರ್ತಿ ಕೈಗಳ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಕೈಗಳೂ ಸೋತಿರುತ್ತವೆ: ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾಕಿದ ಕೈ ಕೆನ್ನೆಯ ಮಟ್ಟಕ್ಕೆ ಮರಳದೆ ಎದೆಯ ಮಟ್ಟದಲ್ಲೇ ವಾಪಸು ಬರುತ್ತದೆ. ಎದುರಾಳಿ ಕಾಯುತ್ತಿರುವುದು ಆ ಒಂದು ಗೇಣು ಸಂದಿಗೆ. ಅದರ ಮೇಲಿಂದ ಅವನ ಬಲಗೈ ಬರುತ್ತದೆ.

ದೇಹದ ಹೊಡೆತದ ಬೆಲೆಯೂ ಬೇರೆ. ಪಕ್ಕೆಲುಬಿನ ಕೆಳಗೆ, ಹೊಟ್ಟೆಗೆ ಬೀಳುವ ಪಂಚ್ ಉಸಿರನ್ನೂ ಕಾಲನ್ನೂ ನಿಧಾನವಾಗಿ ಕದಿಯುತ್ತದೆ. ಎರಡನೇ ಸುತ್ತಿನಲ್ಲಿ ಹೊಡೆದದ್ದರ ಫಲ ಎಂಟನೇ ಸುತ್ತಿನಲ್ಲಿ ಸಿಗುತ್ತದೆ. ಮೂರೇ ಸುತ್ತಿನ ಆಟದಲ್ಲಿ ಆ ಫಲ ಬರುವ ಮೊದಲೇ ಗಂಟೆ ಬಾರಿಸಿರುತ್ತದೆ. ಹೀಗಾಗಿ ಅಮೆಚೂರ್ ಬಾಕ್ಸರ್ ಅದನ್ನು ಹೆಚ್ಚು ಕಲಿಯುವುದಿಲ್ಲ, ಅದನ್ನು ತಡೆದುಕೊಂಡು ಅಭ್ಯಾಸವೂ ಇರುವುದಿಲ್ಲ. ಅಪ್ಪಿ ಹಿಡಿದುಕೊಂಡಾಗಲೂ ಇದೇ ಕಥೆ. ಅಮೆಚೂರ್ ರೆಫರಿ ಬೇಗ ಬಿಡಿಸುತ್ತಾರೆ. ವೃತ್ತಿಪರ ರಿಂಗ್‌ನಲ್ಲಿ ಅಪ್ಪುಗೆಯ ಒಳಗೇ ಅರ್ಧ ಯುದ್ಧ ನಡೆಯುತ್ತದೆ: ಭುಜದಿಂದ ಒತ್ತುವುದು, ಮೈಭಾರ ಹೇರುವುದು, ಒಂದು ಕೈ ಬಿಡಿಸಿಕೊಂಡು ಹೊಡೆಯುವುದು.

ಗ್ಲೌಸ್ ಕೂಡ ಒಂದೇ ಅಲ್ಲ. ವೃತ್ತಿಪರರಲ್ಲಿ ಸಾಮಾನ್ಯವಾಗಿ 66.7 ಕೆ.ಜಿ.ವರೆಗೆ 8 ಔನ್ಸ್, ಅದರ ಮೇಲೆ 10 ಔನ್ಸ್. ಅಮೆಚೂರ್‌ನಲ್ಲಿ ಹಗುರ ತೂಕದವರಿಗೆ 10, ಭಾರದ ಪುರುಷರಿಗೆ 12 ಔನ್ಸ್. ಎರಡು ಔನ್ಸ್ ಎಂದರೆ ಸುಮಾರು 57 ಗ್ರಾಂ ಮೆತ್ತೆ. ಕೇಳಲು ಚಿಕ್ಕದು, ದವಡೆಗೆ ಚಿಕ್ಕದಲ್ಲ. ಇದರ ಮೇಲೆ ಕೈಪಟ್ಟಿಯ ವ್ಯತ್ಯಾಸ. ನಮ್ಮ ಜಿಲ್ಲಾ, ರಾಜ್ಯ ಕೂಟಗಳಲ್ಲಿ ಹುಡುಗರು ಸುತ್ತಿಕೊಳ್ಳುವುದು ಬಟ್ಟೆಯ ಪಟ್ಟಿ. ವೃತ್ತಿಪರರು ಗಾಯಕ್ಕೆ ಕಟ್ಟುವಂಥ ಗಾಜ್ ಬಟ್ಟೆ ಮತ್ತು ಟೇಪ್‌ನಿಂದ ಪದರ ಪದರವಾಗಿ ಕಟ್ಟಿಸಿಕೊಳ್ಳುತ್ತಾರೆ. ಮುಷ್ಟಿ ಅಚ್ಚು ಹೊಯ್ದಂತೆ ಗಟ್ಟಿಯಾಗುತ್ತದೆ, ಬೆರಳ ಗಂಟು ಮುರಿಯುವ ಭಯವಿಲ್ಲದೆ ಪೂರ್ತಿ ಬಲ ಹಾಕಿ ಹೊಡೆಯಬಹುದು.

ತಕ್ಕಡಿಯಲ್ಲಿ ನಡೆಯುವ ಪಂದ್ಯ

ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ದಿನ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದು ಎಲ್ಲರಿಗೂ ನೆನಪಿದೆ. ಅಮೆಚೂರ್ ಬಾಕ್ಸಿಂಗ್‌ನಲ್ಲೂ ಪಂದ್ಯವಿರುವ ದಿನ ಬೆಳಗ್ಗೆ ತೂಕ ನೋಡುತ್ತಾರೆ. ಕೂಟದುದ್ದಕ್ಕೂ ಮತ್ತೆ ಮತ್ತೆ ತಕ್ಕಡಿ ಹತ್ತಬೇಕಾದ್ದರಿಂದ ಮೈಯ ನೀರು ಇಳಿಸಿ ತೂಕ ಕದಿಯುವುದಕ್ಕೆ ಒಂದು ಮಿತಿ ಇರುತ್ತದೆ. ವೃತ್ತಿಪರರಿಗೆ ತೂಕ ನೋಡುವುದು ಸಾಮಾನ್ಯವಾಗಿ ಹಿಂದಿನ ದಿನ, ಒಂದೇ ಸಲ. ನೀರು ಇಳಿಸಿ ತಕ್ಕಡಿ ದಾಟಿ, ಸಿಕ್ಕ ಇಪ್ಪತ್ನಾಲ್ಕು ಗಂಟೆಗೂ ಮೀರಿದ ಬಿಡುವಿನಲ್ಲಿ ಕುಡಿದು ತಿಂದು ಎಷ್ಟೋ ಕಿಲೋ ಹೆಚ್ಚಿಸಿಕೊಂಡು ರಿಂಗ್‌ಗೆ ಬರುತ್ತಾರೆ.

ಇದರ ಪರಿಣಾಮ ನೋಡಬೇಕಾದರೆ 2014ರ ಮಾರ್ಚ್ 1ರ ಪಂದ್ಯ ಸಾಕು. ವಾಸಿಲ್ ಲೊಮಾಚೆಂಕೊ 2008, 2012ರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದವರು. ಅಮೆಚೂರ್ ದಾಖಲೆ 396 ಗೆಲುವು, 1 ಸೋಲು. ಎರಡನೇ ವೃತ್ತಿಪರ ಪಂದ್ಯದಲ್ಲೇ ಡಬ್ಲ್ಯುಬಿಒ ಫೆದರ್‌ವೇಟ್ ಪಟ್ಟಕ್ಕೆ ಕೈಹಾಕಿದರು. ಎದುರಿದ್ದ ಮೆಕ್ಸಿಕೋದ ಒರ್ಲಾಂಡೊ ಸಾಲಿಡೊ ಹೆಸರಲ್ಲಿ ಆಗಲೇ 12 ಸೋಲು. ಸಾಲಿಡೊ 57.15 ಕೆ.ಜಿ. ಮಿತಿಯನ್ನು ಸುಮಾರು ಒಂದು ಕೆ.ಜಿ. ಮೀರಿ, ತನ್ನ ಪಟ್ಟವನ್ನು ತಕ್ಕಡಿಯ ಮೇಲೆಯೇ ಕಳೆದುಕೊಂಡರು. ಪಂದ್ಯದ ರಾತ್ರಿ ಅವರ ಮೈತೂಕ 66 ಕೆ.ಜಿ. ದಾಟಿತ್ತು, ಲೊಮಾಚೆಂಕೊ ಅವರದು 62ರ ಒಳಗಿತ್ತು. ಸಾಲಿಡೊ ಮೊದಲ ಸುತ್ತಿನಿಂದಲೇ ಒತ್ತಿ, ಅಪ್ಪಿ, ಸೊಂಟದ ಆಸುಪಾಸಿಗೆ ಹೊಡೆದು ಆ ಅದ್ಭುತ ಕಾಲುಗಳನ್ನು ಕಟ್ಟಿಹಾಕಿದರು. ಲೊಮಾಚೆಂಕೊ ಕೊನೆಯ ಸುತ್ತಿನಲ್ಲಿ ಸಾಲಿಡೊರನ್ನು ಬೀಳಿಸುವ ಹಂತಕ್ಕೆ ತಂದರೂ ತೀರ್ಪು ಸಾಲಿಡೊ ಕಡೆಗೆ ಹೋಯಿತು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ, ಮೂರನೇ ಪಂದ್ಯದಲ್ಲೇ ಲೊಮಾಚೆಂಕೊ ಗ್ಯಾರಿ ರಸೆಲ್ ಜೂನಿಯರ್ ಅವರನ್ನು ಸೋಲಿಸಿ ಅದೇ ಪಟ್ಟ ಹಿಡಿದರು. ನಾನೂರು ಪಂದ್ಯಗಳಲ್ಲಿ ಕಲಿತ ಅಂತರದ ಲೆಕ್ಕ, ಸಮಯಪ್ರಜ್ಞೆ, ಎದುರಾಳಿಯನ್ನು ಒಂದು ಸುತ್ತಿನಲ್ಲಿ ಓದುವ ಗುಣ ಎಲ್ಲೂ ಹೋಗಿರಲಿಲ್ಲ. ಕಲಿಯದೆ ಉಳಿದದ್ದನ್ನು ಕಲಿಯಲು ಒಂದು ಸೋಲು ಬೇಕಾಯಿತು.

ಜೋಡಿ ಕಟ್ಟುವವರ ಕೈ

ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದನ್ನು ಕೇಳಿದ್ದೇವೆ: ಯಾರಿಗೆ ಯಾರು ಸರಿಜೋಡಿ ಎಂದು ಹಿರಿಯರು ನೋಡಿ ಕೂಡಿಸುತ್ತಾರೆ. ವೃತ್ತಿಪರ ಬಾಕ್ಸಿಂಗ್ ಪೂರ್ತಿ ನಿಂತಿರುವುದು ಈ ಜೋಡಿ ಕಟ್ಟುವ ಕೆಲಸದ ಮೇಲೆ, ಒಂದು ದೊಡ್ಡ ವ್ಯತ್ಯಾಸದೊಡನೆ. ಜೋಡಿ ಕಟ್ಟುವವರು ಇಬ್ಬರಲ್ಲಿ ಒಬ್ಬರ ಪ್ರವರ್ತಕರ (ಪಂದ್ಯ ಏರ್ಪಡಿಸುವ ಪ್ರಮೋಟರ್) ಕಡೆಯವರು. ತಮ್ಮ ಹುಡುಗ ಗೆಲ್ಲಬೇಕು, ಆದರೆ ಏನಾದರೂ ಕಲಿಯುತ್ತಾ ಗೆಲ್ಲಬೇಕು ಎಂಬುದು ಅವರ ಲೆಕ್ಕ. ನಾಲ್ಕು ಸುತ್ತಿನ ಪಂದ್ಯಗಳಿಂದ ಆರಂಭಿಸಿ ಆರು, ಎಂಟು, ಹತ್ತು, ಹನ್ನೆರಡಕ್ಕೆ ಏರಿಸುತ್ತಾರೆ. ಮೊದಲು ಬೇಗ ಕುಸಿಯುವ ಎದುರಾಳಿ, ನಂತರ ಗಟ್ಟಿಯಾಗಿ ನಿಲ್ಲುವವನು, ನಂತರ ಎಡಗೈಯವನು, ಆಮೇಲೆ ಹಳೆಯ ಅನುಭವಿ.

ಆದ್ದರಿಂದ ಹತ್ತು ಪಂದ್ಯ, ಹತ್ತು ಗೆಲುವು ಎಂಬ ವೃತ್ತಿಪರ ದಾಖಲೆಯನ್ನು ಕಂಡು ಉಬ್ಬುವ ಮುನ್ನ ಎದುರಾಳಿಗಳ ದಾಖಲೆಯನ್ನೂ ತೆರೆದು ನೋಡಬೇಕು. ಪದಕದ ಪ್ರಭಾವ ಹೆಚ್ಚು ಕೆಲಸ ಮಾಡುವುದೂ ಇಲ್ಲೇ. ಪದಕ ಗೆದ್ದವರಿಗೆ ದೊಡ್ಡ ಪ್ರವರ್ತಕರು, ಒಳ್ಳೆಯ ತರಬೇತುದಾರರು, ಟಿವಿ ಪ್ರಸಾರ, ಎಚ್ಚರಿಕೆಯ ಜೋಡಿ, ಎಲ್ಲವೂ ಸಿಗುತ್ತವೆ. ಪದಕವಿಲ್ಲದವರನ್ನು ಹಲವು ಬಾರಿ ಆ ಎಚ್ಚರಿಕೆಯ ಜೋಡಿಯ ಇನ್ನೊಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಪದಕ ಗೆದ್ದವರು ಹೆಚ್ಚು ಯಶಸ್ವಿಯಾಗುವುದರಲ್ಲಿ ಅವರ ಕೌಶಲದ ಪಾಲೆಷ್ಟು, ಈ ಸೌಲಭ್ಯದ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ.

ಲಂಡನ್‌ನ ಹತ್ತು, ಸಿಡ್ನಿಯ ಹನ್ನೆರಡು

ಬಿಡಿ ಉದಾಹರಣೆಗಳಿಂದ ಏನನ್ನು ಬೇಕಾದರೂ ಸಾಧಿಸಬಹುದು. ಒಂದು ಇಡೀ ಕೂಟವನ್ನೇ ತೆಗೆದುಕೊಳ್ಳೋಣ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಪುರುಷರು ಹತ್ತು ಮಂದಿ. ಕ್ಯೂಬಾದ ರೊನಿಯೆಲ್ ಇಗ್ಲೇಷಿಯಸ್ ಟೋಕಿಯೊವರೆಗೂ ಅಮೆಚೂರ್ ಆಗಿಯೇ ಉಳಿದು ಅಲ್ಲಿ ಮತ್ತೊಂದು ಚಿನ್ನ ಗೆದ್ದರು. ಕಜಕಸ್ತಾನದ ಸೆರಿಕ್ ಸಪಿಯೆವ್ ವೃತ್ತಿಪರರಾಗಲಿಲ್ಲ. ಉಳಿದ ಎಂಟರಲ್ಲಿ ಆರು ಮಂದಿ ಪ್ರಮುಖ ವಿಶ್ವ ಪಟ್ಟ ಗೆದ್ದರು: ಜೌ ಶಿಮಿಂಗ್, ರೊಬೈಸಿ ರಮಿರೆಸ್, ಲೊಮಾಚೆಂಕೊ, ರ‍್ಯೋಟ ಮುರಾಟ, ಒಲೆಕ್ಸಾಂಡರ್ ಉಸಿಕ್, ಆಂಟನಿ ಜೋಶುವಾ. ಇಂಗ್ಲೆಂಡಿನ ಲ್ಯೂಕ್ ಕ್ಯಾಂಪ್‌ಬೆಲ್ ಎರಡು ಸಲ ವಿಶ್ವ ಪಟ್ಟಕ್ಕೆ ಹೋರಾಡಿ ಸೋತರು. ರಷ್ಯಾದ ಎಗೊರ್ ಮೆಖೊಂಟ್ಸೆವ್ ಅಲ್ಲಿಯವರೆಗೆ ಬರಲಿಲ್ಲ.

ಎಂಟರಲ್ಲಿ ಆರು! ಪದಕವೇ ಭವಿಷ್ಯ ಎನ್ನುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು. ಈಗ 2000ದ ಸಿಡ್ನಿ ನೋಡಿ. ಚಿನ್ನ ಗೆದ್ದ ಹನ್ನೆರಡು ಮಂದಿಯಲ್ಲಿ ಪ್ರಮುಖ ವೃತ್ತಿಪರ ಪಟ್ಟ ಗೆದ್ದವರು ಇಬ್ಬರೇ: ಫ್ರಾನ್ಸಿನ ಬ್ರಾಹಿಂ ಅಸ್ಲೂಮ್ ಮತ್ತು ಕ್ಯೂಬಾದ ಗಿಯೆರ್ಮೊ ರಿಗೊಂಡೊ. ಅತಿಭಾರ ವಿಭಾಗದ ಚಿನ್ನ ಗೆದ್ದ ಬ್ರಿಟನ್ನಿನ ಆಡ್ಲಿ ಹ್ಯಾರಿಸನ್ ಮೇಲೆ ಅಪಾರ ನಿರೀಕ್ಷೆ ಇತ್ತು. 2010ರಲ್ಲಿ ವಿಶ್ವ ಪಟ್ಟಕ್ಕಾಗಿ ಡೇವಿಡ್ ಹೇ ಎದುರು ಮೂರನೇ ಸುತ್ತಿನಲ್ಲಿ ಮುಗಿದುಹೋದರು.

ಸಿಡ್ನಿಯವರು ದುರ್ಬಲರಾಗಿದ್ದರೇ? ಇಲ್ಲ. ಹನ್ನೆರಡು ಚಿನ್ನದಲ್ಲಿ ನಾಲ್ಕು ಕ್ಯೂಬಾದ್ದು. ಆ ದೇಶ 1960ರ ದಶಕದ ಆರಂಭದಿಂದಲೇ ವೃತ್ತಿಪರ ಕ್ರೀಡೆಯನ್ನು ನಿಷೇಧಿಸಿತ್ತು. ಮೂರು ಒಲಿಂಪಿಕ್ ಚಿನ್ನ ಗೆದ್ದ ಫೆಲಿಕ್ಸ್ ಸಾವೊನ್ ಕೊನೆಯವರೆಗೂ ಅಮೆಚೂರ್ ಆಗಿಯೇ ಉಳಿದರು. ರಿಗೊಂಡೊ ವೃತ್ತಿಪರರಾಗಲು ದೇಶವನ್ನೇ ತೊರೆಯಬೇಕಾಯಿತು. ಅಂದರೆ ಈ ಲೆಕ್ಕದಲ್ಲಿ ಕೌಶಲದಷ್ಟೇ ದೇಶದ ಕಾನೂನು, ವಯಸ್ಸು, ಸರ್ಕಾರಿ ನೌಕರಿ ಎಲ್ಲ ಬೆರೆತಿವೆ. ಗಮನಿಸಬೇಕಾದ ಇನ್ನೊಂದು ಮಾತು: ಇವರೆಲ್ಲ ಚಿನ್ನ ಗೆದ್ದವರು. ಜಗತ್ತಿನ ತುತ್ತತುದಿಯಲ್ಲಿದ್ದ ಇವರ ಲೆಕ್ಕವನ್ನು ರಾಷ್ಟ್ರೀಯ ಪದಕ ಗೆದ್ದವರಿಗೆ ಹಚ್ಚಲು ಬರುವುದಿಲ್ಲ.

ಸೋತವರು ಗೆದ್ದ ಕಥೆಗಳು ಏನು ಹೇಳುತ್ತವೆ

1984ರ ಒಲಿಂಪಿಕ್ಸ್ ಆಯ್ಕೆಯ ಹಂತದಲ್ಲಿ ಹೆನ್ರಿ ಟಿಲ್‌ಮನ್ ಮೈಕ್ ಟೈಸನ್ ಅವರನ್ನು ಎರಡು ಬಾರಿ ಸೋಲಿಸಿದರು, ಆಮೇಲೆ ಚಿನ್ನವನ್ನೂ ಗೆದ್ದರು. 1990ರಲ್ಲಿ ವೃತ್ತಿಪರ ರಿಂಗ್‌ನಲ್ಲಿ ಎದುರಾದಾಗ ಟೈಸನ್ ಒಂದೇ ಸುತ್ತಿನಲ್ಲಿ ಟಿಲ್‌ಮನ್‌ರನ್ನು ನೆಲಕ್ಕೆ ಬೀಳಿಸಿದರು. ಜಪಾನಿನ ನವೊಯ ಇನೊವೆ 2012ರ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ, ನಂತರ ಎರಡು ತೂಕಗಳಲ್ಲಿ ನಾಲ್ಕೂ ಪಟ್ಟ ಕೂಡಿಸಿದರು. ಫ್ಲಾಯ್ಡ್ ಮೇವೆದರ್ 1996ರಲ್ಲಿ ಕಂಚಿಗೆ ತೃಪ್ತಿಪಟ್ಟವರು, ವೃತ್ತಿಪರರಾಗಿ 50 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ಇವನ್ನು ಕೇಳಿ ಅಮೆಚೂರ್ ಅನುಭವ ಬೇಡವೆಂದುಕೊಂಡರೆ ತಪ್ಪಾಗುತ್ತದೆ. ಈ ಮೂವರೂ ಅಮೆಚೂರ್ ಶಾಲೆಯಲ್ಲೇ ಬೆಳೆದವರು. ತಪ್ಪಿದ್ದು ಫಲಿತಾಂಶ ಮಾತ್ರ. ಆ ಫಲಿತಾಂಶವನ್ನು ಅಳೆದ ಕೋಲೂ ಕಾಲಕಾಲಕ್ಕೆ ಬದಲಾಗಿದೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಅವರಿಗೆ ತೀರ್ಪಿನಲ್ಲಿ ಆದ ಅನ್ಯಾಯದ ನಂತರ, 1992ರಿಂದ ಗುಂಡಿ ಒತ್ತಿ ಅಂಕ ಎಣಿಸುವ ಯಂತ್ರ ಬಂತು. ಐವರು ತೀರ್ಪುಗಾರರಲ್ಲಿ ಮೂವರು ಒಂದು ಸೆಕೆಂಡಿನ ಒಳಗೆ ಒತ್ತಿದರೆ ಮಾತ್ರ ಅಂಕ. ಸ್ಪಷ್ಟವಾಗಿ ಕಾಣುವ ಒಂಟಿ ಪಂಚ್‌ಗೆ ಬೆಲೆ ಬಂತು. ಹತ್ತಿರ ನಿಂತು ದೇಹಕ್ಕೆ ಹೊಡೆಯುವವರ ಶ್ರಮ ಲೆಕ್ಕಕ್ಕೇ ಸಿಗಲಿಲ್ಲ. 2013ರಿಂದ ವೃತ್ತಿಪರರಂತೆಯೇ ಪ್ರತಿ ಸುತ್ತು ಗೆದ್ದವರಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂದಿದೆ, ಹಿರಿಯ ಪುರುಷರ ಹೆಡ್‌ಗಾರ್ಡ್ ಹೋಗಿದೆ. ಎರಡು ಆಟಗಳು ಹತ್ತಿರವಾದಷ್ಟೂ ಈಗಿನ ಪದಕ ಹಿಂದಿನ ಪದಕಕ್ಕಿಂತ ಹೆಚ್ಚನ್ನು ಹೇಳೀತು. ಪೂರ್ತಿ ಒಂದಾಗಿವೆ ಎಂದಲ್ಲ. 2016ರ ರಿಯೊದಲ್ಲಿ ಮೊದಲ ಬಾರಿಗೆ ವೃತ್ತಿಪರರನ್ನು ಬಿಟ್ಟುಕೊಂಡಾಗ ಬಂದ ಮೂವರಲ್ಲಿ ಒಬ್ಬರಿಗೂ ಪದಕ ಸಿಗಲಿಲ್ಲ.

ಮಹಿಳೆಯರಲ್ಲಿ ಲೆಕ್ಕ ಬೇರೆ

ವೃತ್ತಿಪರ ಮಹಿಳೆಯರ ಪಟ್ಟದ ಪಂದ್ಯ ಸಾಮಾನ್ಯವಾಗಿ ಎರಡು ನಿಮಿಷಗಳ ಹತ್ತು ಸುತ್ತು, ಅಂದರೆ 20 ನಿಮಿಷ. ಅಮೆಚೂರ್‌ನಲ್ಲಿ ಈಗ 9 ನಿಮಿಷ. ಪುರುಷರಲ್ಲಿ ನಾಲ್ಕು ಪಟ್ಟು ಇರುವ ಅಂತರ ಇಲ್ಲಿ ಎರಡು ಪಟ್ಟು ಚಿಲ್ಲರೆ. ಸುತ್ತು ಚಿಕ್ಕದಾದಷ್ಟೂ ಅಮೆಚೂರ್ ವೇಗಕ್ಕೇ ಬೆಲೆ. ಕೇಟಿ ಟೇಲರ್, ಕ್ಲಾರೆಸ್ಸಾ ಶೀಲ್ಡ್ಸ್, ನಿಕೋಲಾ ಆಡಮ್ಸ್, 2012ರಲ್ಲಿ ಚಿನ್ನ ಗೆದ್ದ ಈ ಮೂವರೂ ವೃತ್ತಿಪರ ವಿಶ್ವ ಪಟ್ಟ ಪಡೆದರು. ಮಹಿಳಾ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆಗ ಸ್ಪರ್ಧಿಗಳು ಕಡಿಮೆ ಇದ್ದರು ಎಂಬುದೂ ನಿಜ. ಜೈಸ್ಮಿನ್ ಅಥವಾ ನಿಖತ್ ಜರೀನ್ ಎಂದಾದರೂ ಈ ಕಡೆ ತಿರುಗಿದರೆ ಅವರ ಪದಕಗಳನ್ನು ವಿಜೇಂದರ್ ಉದಾಹರಣೆಯಿಂದ ಅಳೆಯಬಾರದು.

ವಿಜೇಂದರ್, ವಿಕಾಸ್, ನಿಶಾಂತ್

2008ರ ಬೀಜಿಂಗ್ ಕಂಚು ಗೆದ್ದ ವಿಜೇಂದರ್ ವೃತ್ತಿಪರರಾದದ್ದು 2015ರ ಅಕ್ಟೋಬರ್‌ನಲ್ಲಿ, ಮೂವತ್ತು ತುಂಬಲು ಕೆಲವೇ ವಾರ ಇದ್ದಾಗ. ಸತತ 12 ಪಂದ್ಯ ಗೆದ್ದರು, ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟ ಹಿಡಿದರು. ಬಿಡುವಿನ ನಂತರ 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ರಷ್ಯಾದ ಆರ್ಟಿಶ್ ಲೊಪ್ಸಾನ್ ಎದುರು ಐದನೇ ಸುತ್ತಿನಲ್ಲಿ ಸೋತರು. ಅವರಿಗಾಗ 35. ಕೌಶಲ ಕಡಿಮೆ ಇತ್ತೆನ್ನುವುದು ಸರಿಯಲ್ಲ. ಹನ್ನೆರಡು ಸುತ್ತಿನ ಆಟ ಕಲಿಯಲು ಬೇಕಾದ ವರ್ಷಗಳು ಕಡಿಮೆ ಇದ್ದವು, ಪಂದ್ಯಗಳ ನಡುವಿನ ಅಂತರ ಹೆಚ್ಚಿತ್ತು. ಜೋಶುವಾ ವೃತ್ತಿಪರರಾದಾಗ 23, ಲೊಮಾಚೆಂಕೊಗೆ 25. ವಿಕಾಸ್ ಕ್ರಿಶನ್ 2019ರಲ್ಲಿ ಅಮೆರಿಕದಲ್ಲಿ ಎರಡು ಪಂದ್ಯ ಗೆದ್ದು ಮತ್ತೆ ಅಮೆಚೂರ್‌ಗೆ ಮರಳಿದರು, ಟೋಕಿಯೊದಲ್ಲಿ ಭುಜದ ಗಾಯದೊಂದಿಗೆ ಮೊದಲ ಪಂದ್ಯದಲ್ಲೇ ಹೊರಬಿದ್ದರು.

ನಿಶಾಂತ್ 2023ರ ವಿಶ್ವ ಕೂಟದ ಕಂಚು ಗೆದ್ದವರು, ಹೊರಟದ್ದು 24ರಲ್ಲಿ. ವಯಸ್ಸಿನ ಲೆಕ್ಕದಲ್ಲಿ ಅವರದು ವಿಜೇಂದರ್‌ಗಿಂತ ಒಳ್ಳೆಯ ಆರಂಭ. ಬೇಗ ಮುಗಿಸಿದ ಗೆಲುವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಂಟು ಸುತ್ತು ನಿಲ್ಲುವ, ದೇಹಕ್ಕೆ ಹೊಡೆಯುವ, ಸೋಲಲೆಂದೇ ಕರೆತಂದಿರದ ಎದುರಾಳಿ ಬಂದ ದಿನ ಅವರನ್ನು ಅಳೆಯಬೇಕು.

ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ

ರಾಜ್ಯ ಕೂಟದಲ್ಲಿ ಪದಕ ಗೆದ್ದ ಹತ್ತೊಂಬತ್ತರ ಹುಡುಗನ ತಂದೆ ತಾಯಿಗೆ ಈ ಚರ್ಚೆ ದೂರದ್ದಲ್ಲ. ಅಮೆಚೂರ್ ದಾರಿಯಲ್ಲಿ ಸೇನೆ, ರೈಲ್ವೆ, ಪೊಲೀಸ್‌ನ ಕ್ರೀಡಾ ಕೋಟಾ ನೌಕರಿಯ ಆಸರೆ ಇದೆ. ವೃತ್ತಿಪರ ದಾರಿಯಲ್ಲಿ ಹೆಸರಿಲ್ಲದವನಿಗೆ ನಾಲ್ಕು ಸುತ್ತಿನ ಪಂದ್ಯದ ಹಣ ತರಬೇತಿ, ಊಟ, ವೈದ್ಯಕೀಯ ಪರೀಕ್ಷೆಗೇ ಸಾಲದು. ಅಮೆಚೂರ್ ಸೋಲು ಒಂದು ಪಾಠ, ವೃತ್ತಿಪರ ಸೋಲು ದಾಖಲೆಯಲ್ಲಿ ಉಳಿದು ಮುಂದಿನ ಪಂದ್ಯದ ಹಣವನ್ನೇ ಇಳಿಸುತ್ತದೆ. ಹಾಗಾಗಿ 22, 23ರವರೆಗೆ ಅಮೆಚೂರ್‌ನಲ್ಲೇ ಸಾಧ್ಯವಾದಷ್ಟು ಪಂದ್ಯ ಆಡುವುದು ಲಾಭ.

ನಮ್ಮ ಜಿಲ್ಲೆಗಳ ನಿಜವಾದ ಕೊರತೆ ಸ್ಪಾರಿಂಗ್ (ಅಭ್ಯಾಸ ಪಂದ್ಯ) ಜೊತೆಗಾರರದ್ದು. ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಏರುವ ರಸ್ತೆಯಲ್ಲಿ ಓಡಿದರೆ ಕಾಲು ಗಟ್ಟಿಯಾಗುತ್ತದೆ, ಉಸಿರು ಬೆಳೆಯುತ್ತದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಆದರೆ ಒಂದು ತೂಕಕ್ಕೆ ಇಬ್ಬರು ಮೂವರೇ ಹುಡುಗರಿರುವ ಕಡೆ ವರ್ಷವಿಡೀ ಅದೇ ಮುಖದ ಎದುರು ನಿಂತರೆ ಹುಡುಗ ಬಾಕ್ಸಿಂಗ್ ಕಲಿಯುವ ಬದಲು ಆ ಗೆಳೆಯನ ಅಭ್ಯಾಸಗಳನ್ನು ಕಲಿಯುತ್ತಾನೆ. ಹೊಸ ಎಡಗೈ ಬಾಕ್ಸರ್ ಎದುರಾದ ದಿನ ಅದು ಬಯಲಾಗುತ್ತದೆ. ತಿಂಗಳಿಗೆ ಎರಡು ಸಲವಾದರೂ ಹಾಸನದಿಂದ ಸುಮಾರು 185 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಬೇರೆ ಬೇರೆ ಎತ್ತರದ, ಬೇರೆ ಬೇರೆ ಕೈಯ ಹುಡುಗರ ಜೊತೆ ಸ್ಪಾರಿಂಗ್ ಮಾಡಿಸುವುದು ಹೊಸ ಗ್ಲೌಸ್‌ಗೆ ಕೊಡುವ ದುಡ್ಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ವೃತ್ತಿಪರ ರಿಂಗ್‌ಗೆ ಒಗ್ಗುತ್ತಾನೆಯೇ ಎಂದು ತಿಳಿಯಲು ಹುಡುಗನ ಪಂದ್ಯಗಳ ಮೂರನೇ ಸುತ್ತನ್ನು ಮೊಬೈಲ್‌ನಲ್ಲಿ ಹಿಡಿದಿಟ್ಟು ನೋಡಿ. ಜ್ಯಾಬ್ ಹಾಕಿದ ಕೈ ಕೆನ್ನೆಗೆ ಮರಳುತ್ತಿದೆಯೇ? ಹೊಟ್ಟೆಗೆ ಏಟು ಬಿದ್ದ ಮೇಲೆ ಹಿಂದೆ ಸರಿಯುತ್ತಾನೋ, ನಿಂತು ತಿರುಗಿ ಹೊಡೆಯುತ್ತಾನೋ? ಅಂಕದಲ್ಲಿ ಹಿಂದೆ ಬಿದ್ದಾಗ ಆಟ ಬದಲಿಸುತ್ತಾನೋ, ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾನೋ? ಆಮೇಲೆ ಜಿಮ್‌ನಲ್ಲಿ ಆರು ಸುತ್ತು ಸ್ಪಾರಿಂಗ್ ಮಾಡಿಸಿ, ಪ್ರತಿ ಎರಡು ಸುತ್ತಿಗೆ ದಣಿಯದ ಹೊಸ ಜೊತೆಗಾರನನ್ನು ಎದುರು ನಿಲ್ಲಿಸಿ, ಐದನೇ ಸುತ್ತಿನಲ್ಲಿ ಅವನ ಹಿಮ್ಮಡಿ ಎಲ್ಲಿದೆ ಎಂದು ಗಮನಿಸಿ.